ಹನಿಯ ಲೆಕ್ಕ: ಮನೆಯೊಳಗಿನ ಸುಗಂಧತೈಲ

ಹೆಬ್ಬೆ ಜಲಪಾತದ ಸುತ್ತಲಿನ ಕಾಡಿಗೆ ಬೀಳುವ ಮಳೆಯೇ ಬೇರೆ. ಅಲ್ಲಿಂದ ಪೂರ್ವಕ್ಕೆ ಇಳಿದು, ತರೀಕೆರೆ ದಾಟಿ, ಅಜ್ಜಂಪುರ-ಕಡೂರಿನ ಕಡೆ ಹೋದರೆ ಸಿಗುವ ಬಯಲುಸೀಮೆಯೇ ಬೇರೆ. ಶ್ರೀಗಂಧಕ್ಕೆ ಒಗ್ಗುವುದು ಈ ಎರಡರ ನಡುವಿನ ಕುರುಚಲು ಕಾಡು. ಮಳೆ ಜಾಸ್ತಿಯಾದರೆ ಮರ ದಷ್ಟಪುಷ್ಟವಾಗಿ ಬೆಳೆದೀತು, ಆದರೆ ಕೆಚ್ಚು ಕಟ್ಟುವುದು ಕಡಿಮೆ. ಪರಿಮಳವೆಲ್ಲ ಇರುವುದು ಆ ಕೆಚ್ಚಿನಲ್ಲೇ.

ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಲ್ಲಿ ಸರ್ಕಾರದ ಗಂಧದ ಕೋಠಿ ಇತ್ತು. ಗಂಧದ ಮರವನ್ನು ಬುಡಕ್ಕೆ ಕಡಿಯುವ ರೂಢಿ ಇರಲಿಲ್ಲ, ಬೇರುಸಮೇತ ಅಗೆದು ತೆಗೆಯುತ್ತಿದ್ದರು. ಎಣ್ಣೆಯ ಅಂಶ ಬೇರಿನಲ್ಲೇ ಹೆಚ್ಚು, ಅದನ್ನು ಮಣ್ಣಿನಲ್ಲಿ ಬಿಟ್ಟು ಬರುವುದು ಯಾರಿಗೆ ಬೇಕು? ಕೋಠಿಗೆ ಬಂದ ಮರದ ಹೊರಗಿನ ಬಿಳಿ ಭಾಗವನ್ನು ಹೆರೆದು, ಕೆಚ್ಚನ್ನು ತೂಕ ಮತ್ತು ಗುಣ ನೋಡಿ ವಿಂಗಡಿಸುತ್ತಿದ್ದರು. ವಿಲಾಯತಿ ಬುಧ್, ಚೀನಾ ಬುಧ್, ಪಂಜಂ, ಬೇರು, ಪೊಳ್ಳು ಮರ, ಚಿಲ್ಟಾ, ಕೊನೆಗೆ ಗರಗಸದ ಪುಡಿ ಹೀಗೆ ದರ್ಜೆಗಳು. ಪುಡಿಗೂ ಒಂದು ದರ್ಜೆ, ಒಂದು ಬೆಲೆ. ಆಮೇಲೆ ಹರಾಜು.

ಈ ಮರದ ಬಹುಪಾಲು ಎಣ್ಣೆಯಾಗುತ್ತಿದ್ದುದು ಯುರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿ. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿದಾಗ ಕೋಠಿಗಳಲ್ಲಿ ಮರ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದ ಆಡಳಿತ ಎಣ್ಣೆಯನ್ನು ಇಲ್ಲೇ ತೆಗೆಯಲು ಹೊರಟಿತು. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಪ್ರಯೋಗ ನಡೆಸಿದರು. ಬೆಂಗಳೂರಿನಲ್ಲಿ ಆರಂಭವಾದ ಕೆಲಸದ ಬೆನ್ನಿಗೇ ಮೈಸೂರಿನಲ್ಲಿ ಕಾರ್ಖಾನೆ ಬಂತು. ತರೀಕೆರೆಗೆ ಹತ್ತಿರದ ಶಿವಮೊಗ್ಗದ ಕಾರ್ಖಾನೆ 1944ರದು.

ತೆಗೆಯುವ ಕ್ರಮ ಕೇಳಲು ಸರಳ. ಕೆಚ್ಚನ್ನು ಪುಡಿ ಮಾಡಿ, ಅದರ ಮೂಲಕ ಹಬೆ ಹಾಯಿಸಿ, ಹಬೆಯನ್ನು ತಣಿಸಿ, ನೀರಿನಿಂದ ಬೇರೆಯಾದ ಎಣ್ಣೆಯನ್ನು ಸಂಗ್ರಹಿಸುವುದು. ಆದರೆ ಗಂಧ ಹಟಮಾರಿ. ಎರಡು-ಮೂರು ದಿನ ಬಿಡದೆ ಹಬೆ ಕೊಡಬೇಕು. 100 ಕಿಲೋ ಒಳ್ಳೆಯ ಕೆಚ್ಚಿಗೆ ಸಿಗುವುದು ಐದಾರು ಕಿಲೋ ಎಣ್ಣೆ. ನೀಲಗಿರಿ ಸೊಪ್ಪಿನಲ್ಲಿ ಇನ್ನೂ ಕಡಿಮೆ, 100 ಕಿಲೋ ಸೊಪ್ಪಿಗೆ ಒಂದೆರಡು ಕಿಲೋ. ಮನೆಯಲ್ಲಿ ಸುಗಂಧತೈಲ ಬಳಸುವವರು ಮೊದಲು ಅರಿಯಬೇಕಾದದ್ದು ಇದನ್ನೇ. ಬಾಟಲಿಯಲ್ಲಿರುವುದು ಗಿಡಮೂಲಿಕೆಯಲ್ಲ, ರಾಶಿ ಸೊಪ್ಪನ್ನು ಹಿಂಡಿ ಉಳಿಸಿಕೊಂಡ ರಾಸಾಯನಿಕ. ಇಲ್ಲಿ ಚಮಚದ ಲೆಕ್ಕ ನಡೆಯುವುದಿಲ್ಲ.

ಬೆಲೆಯ ಲೆಕ್ಕವೂ ಇದರಲ್ಲೇ ಇದೆ. ಅಸಲಿ ಗಂಧದೆಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟಿ ಬಹಳ ಕಾಲವಾಯಿತು. ಜಾತ್ರೆಯಲ್ಲೋ ಪ್ರವಾಸಿ ತಾಣದ ಅಂಗಡಿಯಲ್ಲೋ 100 ರೂಪಾಯಿಗೆ 10 ಮಿಲಿ ‘ಶುದ್ಧ ಗಂಧದೆಣ್ಣೆ’ ಕೊಟ್ಟರೆ ಅದು ಮತ್ತೇನಾದರೂ ಆಗಿರಬಹುದು, ಗಂಧದೆಣ್ಣೆಯಂತೂ ಅಲ್ಲ. 2001ರ ಕಾನೂನು ತಿದ್ದುಪಡಿಯ ನಂತರ ತನ್ನ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯ. ಆದರೂ ಕೆಚ್ಚು ಬಲಿಯಲು ಹದಿನೈದು-ಇಪ್ಪತ್ತು ವರ್ಷ ಬೇಕು, ಅದನ್ನು ಕಳ್ಳರಿಂದ ಕಾಯುವುದು ಬೇರೆ ಪಾಡು.

ಮನೆಗಳಲ್ಲಿ ನಿಜವಾಗಿ ಓಡಾಡುವ ಬಾಟಲಿ ನೀಲಗಿರಿ ಎಣ್ಣೆಯದು. ನೆಗಡಿಯಾದರೆ ಬಿಸಿನೀರಿಗೆ ಹಾಕಿ, ಕಂಬಳಿ ಹೊದ್ದು ಹಬೆ ಹಿಡಿಯುವುದು ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಇರುವ ರೂಢಿ. ಅದರ ಮುಖ್ಯ ಅಂಶ ಸಿನಿಯೋಲ್. ಮೂಗಿಗೆ ತಂಪೆನಿಸಿ, ಉಸಿರು ಸಲೀಸಾದಂತೆ ತೋರುತ್ತದೆ. ದೊಡ್ಡವರಿಗೆ ಒಂದು ಪಾತ್ರೆ ನೀರಿಗೆ ಒಂದೆರಡು ಹನಿ ಸಾಕು. ಕಣ್ಣು ಮುಚ್ಚಿರಬೇಕು, ಪಾತ್ರೆ ಒಲೆಯ ಮೇಲಿರಬಾರದು. ಮಕ್ಕಳಿಗೆ ಮಾತ್ರ ಈ ಉಪಚಾರ ಬೇಡ. ಬಿಸಿನೀರು ಚೆಲ್ಲಿ ಸುಟ್ಟುಕೊಳ್ಳುವ ಭಯ ಒಂದಾದರೆ, ಎಣ್ಣೆಯದೇ ಇನ್ನೊಂದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನರರೋಗ ತಜ್ಞರು 2017ರಲ್ಲಿ ಪ್ರಕಟಿಸಿದ ವರದಿ ಗಮನಾರ್ಹ. ನೀಲಗಿರಿ ಎಣ್ಣೆಯ ವಾಸನೆ ಸೇವಿಸಿದ ಬಳಿಕ ಫಿಟ್ಸ್ ಬಂದ ರೋಗಿಗಳ ವಿವರ ಅದರಲ್ಲಿದೆ. ಕರ್ಪೂರವೂ ಇದೇ ಗುಂಪಿನದು. ಮೂರ್ಛೆರೋಗ ಇರುವವರ ಮನೆಯಲ್ಲಿ ಎರಡನ್ನೂ ದೂರವಿಡುವುದು ಜಾಣತನ. ನೋವಿನ ಮುಲಾಮುಗಳಲ್ಲೂ ಇವು ಇರುತ್ತವೆ, ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಬೇಕು. ಎಳೆಗೂಸಿನ ಮೂಗಿನ ಹೊಳ್ಳೆಗೆ ಮುಲಾಮು ಸವರುವ ಪದ್ಧತಿಯನ್ನಂತೂ ನಿಲ್ಲಿಸಲೇಬೇಕು.

ಮೈಗೆ ಹಚ್ಚುವುದಾದರೆ ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ಜೊತೆಗಿರಲಿ. ಒಂದು ಟೀಚಮಚ ಎಣ್ಣೆಗೆ ಎರಡು ಹನಿ ಬೆರೆಸಿದರೆ ಸುಮಾರು ಶೇಕಡಾ 2 ಆಗುತ್ತದೆ, ದೊಡ್ಡವರ ಚರ್ಮಕ್ಕೆ ಅಷ್ಟೇ ಮಿತಿ. ಮೊದಲು ಮೊಣಕೈ ಒಳಭಾಗಕ್ಕೆ ಸವರಿ ಒಂದು ದಿನ ಕಾಯಬೇಕು. ಉರಿ, ಗಂದೆ ಬಂದರೆ ಆ ಎಣ್ಣೆ ಆ ಮೈಗಲ್ಲ. ಸಿಪ್ಪೆ ಹಿಂಡಿ ತೆಗೆದ ನಿಂಬೆಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗಬಹುದು.

ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಕೆಲವು ಹನಿ ನೆಲ ಒರೆಸುವ ನೀರಿಗೆ ಹಾಕಿದರೆ ಮಳೆಗಾಲದ ಮುಗ್ಗಲು ವಾಸನೆ ತಗ್ಗುತ್ತದೆ. ಅದರ ನಿಂಬೆಯಂಥ ಘಮ ಸಿಟ್ರಾಲ್ ಎಂಬ ಅಂಶದ್ದು. ಸೊಳ್ಳೆಗೆ ಸಿಟ್ರೊನೆಲ್ಲಾ ಎಣ್ಣೆ ಎಂದು ಎಲ್ಲರೂ ಹೇಳುತ್ತಾರೆ, ಸುಳ್ಳೇನಲ್ಲ. ಆದರೆ ಬೇಗ ಆವಿಯಾಗುವುದರಿಂದ ಅದರ ಕಾವಲು ಒಂದೆರಡು ಗಂಟೆಗೆ ಮುಗಿಯುತ್ತದೆ. ಡೆಂಗಿ ಕಾಲದಲ್ಲಿ ಅದನ್ನು ನಂಬಿ ಸೊಳ್ಳೆಪರದೆ ಮಡಚಿಡುವಂತಿಲ್ಲ.

ಹಲ್ಲುನೋವಿಗೆ ಲವಂಗದೆಣ್ಣೆ ಹಳೆಯ ಮದ್ದು, ನಿಜಕ್ಕೂ ಕೆಲಸ ಮಾಡುವ ಮದ್ದು. ಅದರಲ್ಲಿನ ಯೂಜಿನಾಲ್ ನೋವನ್ನು ಮರಗಟ್ಟಿಸುತ್ತದೆ, ದಂತವೈದ್ಯರೂ ಅದನ್ನು ಬಳಸುತ್ತಾರೆ. ಹತ್ತಿಗೆ ಒಂದು ಹನಿ ಸೋಕಿಸಿ ಹಲ್ಲಿಗೆ ಮಾತ್ರ ಮುಟ್ಟಿಸಬೇಕು, ವಸಡಿಗೆ ತಗುಲಿದರೆ ಸುಡುತ್ತದೆ. ಹುಳುಕು ಅದರಿಂದ ವಾಸಿಯಾಗದು.

ಈ ಎಣ್ಣೆಗಳನ್ನು ‘ನ್ಯಾಚುರಲ್’ ಎಂದು ಕುಡಿಯಲು ಹೇಳುವ ಜಾಹೀರಾತುಗಳನ್ನು ನಂಬಲೇಬಾರದು. ಪುಟ್ಟ ಮಗುವಿಗೆ ಒಂದು ಟೀಚಮಚದಷ್ಟು ನೀಲಗಿರಿ ಎಣ್ಣೆಯೂ ಪ್ರಾಣಾಪಾಯ ತಂದೀತು. ಬಾಟಲಿ ಕಡುಬಣ್ಣದ ಗಾಜಿನದಿರಲಿ, ಕೆಮ್ಮಿನ ಸಿರಪ್ಪಿನ ಪಕ್ಕ ಇಡಬೇಡಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿರಲಿ. ಮಗು ಕುಡಿದುಬಿಟ್ಟಿತು ಅನ್ನಿಸಿದರೆ ವಾಂತಿ ಮಾಡಿಸಲು ಹೋಗಬೇಡಿ; ಬಾಟಲಿಯನ್ನೂ ಜೊತೆಗಿಟ್ಟುಕೊಂಡು ತಕ್ಷಣ ಹತ್ತಿರದ ಆಸ್ಪತ್ರೆಗೆ ಹೊರಡಿ.