ಬೇರೆಯವರ ಹೊಲದ ನಡುವೆ ನಮ್ಮ ದಾರಿ: ಥೇಮ್ಸ್ ದಂಡೆಯ ಗೋರಿಂಗ್‌ನಲ್ಲಿ ಅಪ್ಪನ ಜೊತೆ ಒಂದು ನಡಿಗೆ

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)

ನಡೀತಾ ಕೇಳ್ತಿದ್ದೀರಾ? ಹಾಗಾದ್ರೆ ಒಳ್ಳೇದೇ ಆಯ್ತು, ಇವತ್ತಿನ ಮಾತು ನಡೆಯೋದರ ಬಗ್ಗೆನೇ.

ಕಳೆದ ಮೇ ತಿಂಗಳಲ್ಲಿ ನಮ್ಮಪ್ಪ ಇಂಗ್ಲೆಂಡಿಗೆ ಬಂದಿದ್ರು. ನಾನಿರೋದು ರೆಡಿಂಗ್‌ನಲ್ಲಿ. ಐಟಿ ಕೆಲಸಕ್ಕೆ ಬಂದ ನಮ್ಮಂಥವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಲಂಡನ್ ಐ, ಬಕಿಂಗ್‌ಹ್ಯಾಮ್ ಅರಮನೆ ಎಲ್ಲ ತೋರಿಸಿದ ಮೇಲೆ ಅಪ್ಪ ಕೇಳಿದ್ದು ಒಂದೇ: "ಇಲ್ಲಿ ಹೊಲ ಗದ್ದೆ ಇಲ್ವೇನೋ?" ಸರಿ ಅಂತ ಭಾನುವಾರ ಬೆಳಿಗ್ಗೆ ರೈಲು ಹತ್ತಿ ಗೋರಿಂಗ್ ಅನ್ನೋ ಹಳ್ಳಿಗೆ ಕರ್ಕೊಂಡು ಹೋದೆ.

ಗೋರಿಂಗ್ ಎಲ್ಲಿದೆ ಅಂದ್ರೆ, ಥೇಮ್ಸ್ ನದಿ ಸುಣ್ಣಕಲ್ಲಿನ ಬೆಟ್ಟಸಾಲನ್ನು ಸೀಳಿಕೊಂಡು ಹೋಗೋ ಜಾಗದಲ್ಲಿ. ಪೂರ್ವಕ್ಕೆ ಚಿಲ್ಟರ್ನ್ ಗುಡ್ಡಗಳು, ಪಶ್ಚಿಮಕ್ಕೆ ಬರ್ಕ್‌ಷೈರ್ ಡೌನ್ಸ್. ಹಿಮಯುಗದಲ್ಲಿ ನದಿ ಕೊರೆದ ಈ ಸೀಳಿಗೆ ಗೋರಿಂಗ್ ಗ್ಯಾಪ್ ಅಂತ ಹೆಸರು. ಈಚೆ ದಡದಲ್ಲಿ ಗೋರಿಂಗ್, ಆಚೆ ದಡದಲ್ಲಿ ಸ್ಟ್ರೀಟ್ಲಿ, ಮಧ್ಯೆ ಒಂದು ಸೇತುವೆ. ಎರಡು ರಾಷ್ಟ್ರೀಯ ಕಾಲುದಾರಿಗಳು ಸೇರೋದೂ ಇಲ್ಲೇ. 1973ರಲ್ಲಿ ತೆರೆದ ರಿಡ್ಜ್‌ವೇ ಒಂದು, 1996ರಲ್ಲಿ ತೆರೆದ ಥೇಮ್ಸ್ ಪಾಥ್ ಇನ್ನೊಂದು.

ನಾವು ಹಿಡಿದಿದ್ದು ಥೇಮ್ಸ್ ಪಾಥ್. ನದಿ ಹರಿಯೋ ದಿಕ್ಕಿನಲ್ಲೇ ನಡೆದು ಪ್ಯಾಂಗ್‌ಬೋರ್ನ್ ತಲುಪೋದು, ಅಲ್ಲಿ ರೈಲು ಹಿಡಿದು ವಾಪಸ್. ಸುಮಾರು 4 ಮೈಲಿ. ಹೋದ ದಾರಿಯಲ್ಲೇ ತಿರುಗಿ ಬರಬೇಕಾಗಿಲ್ಲ. ಎರಡು ಊರಲ್ಲೂ ಸ್ಟೇಷನ್ ಇರೋದರಿಂದ ಕಾರಿಲ್ಲದವರಿಗೆ ಇದಕ್ಕಿಂತ ಸುಲಭದ ನಡಿಗೆ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ಊರು ದಾಟಿದ ಮೇಲೆ ಒಂದು ಗೇಟು. ಅದರಾಚೆ ಹುಲ್ಲುಗಾವಲು, ಹಸುಗಳು. ನಾನು ಗೇಟು ತೆಗೆದೆ. ಅಪ್ಪ ಮಾತ್ರ ಅಲ್ಲೇ ನಿಂತುಬಿಟ್ರು.

"ಇದು ಯಾರದೋ ಜಮೀನು ಕಣೋ."

"ಹೌದಪ್ಪ. ಆದ್ರೂ ಹೋಗಬಹುದು."

"ಯಾರನ್ನ ಕೇಳಿದೆ?"

ಯಾರನ್ನೂ ಕೇಳಿರಲಿಲ್ಲ. ನಿಜ ಹೇಳ್ತೀನಿ, ಇಲ್ಲಿಗೆ ಬಂದ ಮೊದಲ ವರ್ಷ ನಾನೂ ಹೀಗೇ ಗೇಟಿನ ಮುಂದೆ ನಿಂತು ವಾಪಸ್ ಬಂದಿದ್ದೆ. ನಮ್ಮ ಮುಖ ನೋಡಿ ಯಾರಾದ್ರೂ ಏನಾದ್ರೂ ಅಂದ್ರೆ ಅನ್ನೋ ಅಳುಕು. ಒಂದ್ಸಲ ಬೇರೊಂದು ಊರಲ್ಲಿ ಒಬ್ಬರು ಅಂದೇಬಿಟ್ರು, ಇದು ಪ್ರೈವೇಟ್ ಅಂತ. ನಾನು ಸಾರಿ ಹೇಳಿ ತಿರುಗಿ ಬಂದೆ. ಮನೆಗೆ ಬಂದು ಮ್ಯಾಪ್ ನೋಡಿದ್ರೆ ನಾನು ನಿಂತಿದ್ದ ಜಾಗ ಸಾರ್ವಜನಿಕ ಕಾಲುದಾರಿ! ಸಾರಿ ಹೇಳಬೇಕಾಗಿದ್ದು ನಾನಲ್ಲ. ಈ ವಿಷಯ ಸರಿಯಾಗಿ ತಿಳ್ಕೋಬೇಕು ಅಂತ ಕೂತಿದ್ದು ಅವತ್ತಿಂದ.

ವಿಷಯ ಏನಪ್ಪಾ ಅಂದ್ರೆ, ಇಂಗ್ಲೆಂಡಿನಲ್ಲಿ ಹೊಲ ಖಾಸಗಿ, ಅದರ ಮೇಲೆ ಹಾಯೋ ದಾರಿ ಮಾತ್ರ ಎಲ್ಲರದ್ದು. ಮಣ್ಣು ರೈತನದು, ನಡೆಯೋ ಹಕ್ಕು ನಮ್ಮದು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ದಾರಿಗಳು ಸುಮಾರು 1,40,000 ಮೈಲಿ ಇವೆ. ಗೇಟಿನ ಕಂಬದ ಮೇಲೆ ಹಳದಿ ಬಾಣ ಇದ್ರೆ ಅದು ಕಾಲುದಾರಿ, ನಡೆಯೋರಿಗೆ. ನೀಲಿ ಬಾಣ ಇದ್ರೆ ಕುದುರೆ, ಸೈಕಲ್ ಕೂಡ ಹೋಗಬಹುದು. ಬಿಳಿ ಓಕ್ ಕಾಯಿಯ ಗುರುತು ಕಂಡ್ರೆ ರಾಷ್ಟ್ರೀಯ ದಾರಿ. ಇನ್ನು "ಪರ್ಮಿಸಿವ್ ಪಾಥ್" ಅಂತ ಬೋರ್ಡ್ ಇದ್ರೆ ಅದು ಮಾಲೀಕರು ದೊಡ್ಡ ಮನಸ್ಸು ಮಾಡಿ ಬಿಟ್ಟಿರೋ ದಾರಿ, ಬೇಡ ಅನ್ನಿಸಿದ ದಿನ ಮುಚ್ಚಬಹುದು. ಉಳಿದವನ್ನು ಹಾಗೆಲ್ಲ ಮುಚ್ಚೋಕಾಗಲ್ಲ.

ಹೊಲದ ಮಧ್ಯೆ ಹೋಗೋ ಕಾಲುದಾರಿಯನ್ನ ರೈತ ಉಳಬಹುದು, ಆದರೆ ಮೊದಲ ಸಲ ಉತ್ತ 14 ದಿನದೊಳಗೆ ಮತ್ತೆ ನಡೆಯೋ ಹಾಗೆ ಮಾಡಿಕೊಡಬೇಕು, ಕನಿಷ್ಠ 1 ಮೀಟರ್ ಅಗಲ. ಹೊಲದ ಅಂಚಿನ ದಾರಿ ಆದ್ರೆ ಉಳೋ ಹಾಗೇ ಇಲ್ಲ. ಇದು 1990ರ ಕಾನೂನು. ಸಾರ್ವಜನಿಕರು 20 ವರ್ಷ ಯಾರ ಅಪ್ಪಣೆಯನ್ನೂ ಕೇಳದೆ, ಯಾರ ತಡೆಯೂ ಇಲ್ಲದೆ ಒಂದು ದಾರಿಯಲ್ಲಿ ಓಡಾಡಿದ್ರೆ ಅದನ್ನ ಸಾರ್ವಜನಿಕ ದಾರಿ ಅಂತ ದಾಖಲಿಸೋಕೆ ಅರ್ಜಿ ಹಾಕಬಹುದು.

ಇಷ್ಟು ಹೇಳೋ ಹೊತ್ತಿಗೆ ಅಪ್ಪ ಗೇಟು ದಾಟಿದ್ರು. ಹಸುಗಳ ಪಕ್ಕದಲ್ಲೇ ಆರಾಮಾಗಿ ನಡೆದ್ರು. ಹಿಂದೆ ಬರ್ತಿದ್ದ ಇಂಗ್ಲಿಷ್ ದಂಪತಿ ಮಾತ್ರ ನಾಯಿ ಹಿಡ್ಕೊಂಡು ಅರ್ಧ ಗಾವಲು ಸುತ್ತಿ ಬಂದ್ರು. ಅವರು ಮಾಡಿದ್ದೇ ಸರಿ ಅನ್ನಿ. ಕರು ಇರೋ ಹಸುಗಳು ನಾಯಿ ಕಂಡ್ರೆ ಮೈಮೇಲೆ ಬರ್ತವೆ, ಇಲ್ಲಿ ಸಾವುಗಳೂ ಆಗಿವೆ. ಹಸು ಅಟ್ಟಿಸಿಕೊಂಡು ಬಂದ್ರೆ ನಾಯಿಯ ಹಗ್ಗ ಬಿಟ್ಟುಬಿಡಿ. ನಾಯಿ ಓಡಿ ತಪ್ಪಿಸಿಕೊಳ್ಳುತ್ತೆ, ನಿಮ್ಮ ಕೈಲಾಗಲ್ಲ.

ಮುಂದೆ ಗೇಟ್‌ಹ್ಯಾಂಪ್ಟನ್ ಅನ್ನೋ ಕಡೆ ಬ್ರೂನೆಲ್ ಕಟ್ಟಿಸಿದ ಇಟ್ಟಿಗೆಯ ರೈಲು ಸೇತುವೆ, ದಾರಿ ಅದರ ಕಮಾನಿನ ಕೆಳಗೇ ಹೋಗುತ್ತೆ. ತಲೆ ಎತ್ತಿ ನೋಡಿ, ಇಟ್ಟಿಗೆ ಸಾಲುಗಳು ಓರೆಯಾಗಿ ಸುತ್ತಿಕೊಂಡಿರ್ತವೆ. ಹಳಿ ನದಿಯನ್ನ ನೇರವಾಗಿ ದಾಟದೆ ಓರೆಯಾಗಿ ದಾಟೋದರಿಂದ ಹಾಗೆ ಜೋಡಿಸಿದ್ದಾರೆ.

ಅಲ್ಲಿಂದ ಸ್ವಲ್ಪ ದೂರ ಹೋದ್ರೆ ದಾರಿ ನದಿ ಬಿಟ್ಟು ಮೇಲೇರಿ ಕಾಡು ಸೇರುತ್ತೆ. ಅಪ್ಪ ಕೇಳಿದ್ರು, ನೀರಿನ ಪಕ್ಕದಲ್ಲೇ ಯಾಕೆ ಹೋಗಲ್ಲ? ಥೇಮ್ಸ್ ದಂಡೆಯ ದಾರಿ ವಿಹಾರಕ್ಕೆ ಅಂತ ಮಾಡಿದ್ದಲ್ಲ. ಸರಕಿನ ದೋಣಿಗಳನ್ನ ಕುದುರೆಗಳು ಹಗ್ಗ ಕಟ್ಟಿ ಎಳೆಯೋಕೆ ಮಾಡಿದ್ದು. ಜಮೀನುದಾರರು ಜಾಗ ಕೊಡದ ಕಡೆ ಆ ಹಾದಿ ಆಚೆ ದಡಕ್ಕೆ ಹಾರುತ್ತಿತ್ತು, ದಾಟಿಸೋಕೆ ಕಡವು ದೋಣಿ ಇರುತ್ತಿತ್ತು. ರೈಲು ಬಂತು, ಸರಕಿನ ದೋಣಿ ನಿಂತಿತು, ಕಡವೂ ನಿಂತಿತು. ಅದಕ್ಕೇ ಇವತ್ತಿಗೂ ಕೆಲವು ಕಡೆ ದಾರಿ ನದಿ ಬಿಟ್ಟು ಸುತ್ತಿ ಬರುತ್ತೆ. ಗೋರಿಂಗ್‌ನಿಂದ ಮೇಲ್ಮುಖವಾಗಿ ಹೋದ್ರೆ ಮೌಲ್ಸ್‌ಫರ್ಡ್‌ನಲ್ಲೂ ಇದೇ ಕಥೆ, ನದಿ ಬಿಟ್ಟು ಊರ ಒಳಗಿಂದ ಹೋಗಬೇಕು.

ಆ ಕಾಡಿನ ಹೆಸರು ಹಾರ್ಟ್ಸ್‌ಲಾಕ್. ಇದನ್ನ ಎಷ್ಟು ಹೇಳಿದ್ರೂ ನನಗೆ ಸಾಲದು. ಕಡಿದಾದ ಇಳಿಜಾರು, ಬೀಚ್ ಮರಗಳು, ಮಧ್ಯೆ ಕಪ್ಪಗೆ ದಟ್ಟವಾದ ಯೂ ಮರಗಳು. ಎಲೆಗಳ ಸಂದಿಯಲ್ಲಿ ಕೆಳಗೆ ಥೇಮ್ಸ್ ಹೊಳೀತಿರುತ್ತೆ. ಬೀಚ್‌ನ ಹೊಸ ಎಲೆ ಮೇ ತಿಂಗಳಲ್ಲಿ ಎಷ್ಟು ತೆಳು ಅಂದ್ರೆ ಬಿಸಿಲು ಸೋಸಿ ಹಸಿರಾಗಿ ಬೀಳುತ್ತೆ, ಅಪ್ಪನ ಬಿಳಿ ಅಂಗಿಯೂ ಹಸಿರಾಗಿತ್ತು. ಪಕ್ಕದ ಬಯಲು ಇಳಿಜಾರು ಸಂರಕ್ಷಿತ ತಾಣ. ಕೋತಿಯಾಕಾರದ ಹೂ ಬಿಡೋ ಮಂಕಿ ಆರ್ಕಿಡ್ ಬ್ರಿಟನ್ನಿನಲ್ಲಿ ಕಾಣೋ ಬೆರಳೆಣಿಕೆಯ ಜಾಗಗಳಲ್ಲಿ ಇದೂ ಒಂದು. ಅದು ಲೇಡಿ ಆರ್ಕಿಡ್ ಜೊತೆ ಬೆರೆತು ಹುಟ್ಟಿದ ಮಿಶ್ರತಳಿ 2006ರಲ್ಲಿ ಇಲ್ಲಿ ಹೂ ಬಿಟ್ಟಿತು. ಮೇಲೆ ರೆಡ್ ಕೈಟ್ ಹದ್ದುಗಳು ಸುತ್ತುತ್ತಿದ್ವು. ಇಂಗ್ಲೆಂಡಿನಿಂದ ಪೂರ್ತಿ ಅಳಿಸಿಹೋಗಿದ್ದ ಈ ಹಕ್ಕಿಯನ್ನ 1989ರಿಂದ ಸ್ಪೇನ್‌ನಿಂದ ತಂದು ಚಿಲ್ಟರ್ನ್‌ನಲ್ಲಿ ಬಿಟ್ಟರು. ಈಗ ರೆಡಿಂಗ್‌ನ ನಮ್ಮ ಮನೆ ಚಾವಣಿ ಮೇಲೂ ಹಾರ್ತವೆ.

ಕಾಡಲ್ಲಿ ಒಂದು ಬಿದ್ದ ಮರದ ಮೇಲೆ ಕೂತು ಚಿತ್ರಾನ್ನ ತಿಂತಾ ಅಪ್ಪ ಕೇಳಿದ್ರು: "ಈ ಹಕ್ಕನ್ನ ಇವರಿಗೆ ಯಾರು ಕೊಟ್ಟರು?"

ಯಾರೂ ಸುಮ್ಮನೆ ಕೊಡಲಿಲ್ಲ. 1932ರ ಏಪ್ರಿಲ್ 24ರಂದು ಡರ್ಬಿಷೈರ್‌ನ ಕಿಂಡರ್ ಸ್ಕೌಟ್ ಅನ್ನೋ ಬೆಟ್ಟಕ್ಕೆ ನೂರಾರು ಜನ, ಹೆಚ್ಚಿನವರು ಮ್ಯಾಂಚೆಸ್ಟರ್ ಕಡೆಯ ದುಡಿಯೋ ಹುಡುಗರು, ಬೇಕಂತಲೇ ನುಗ್ಗಿದರು. ಬೇಟೆಗೆ ಅಂತ ಶ್ರೀಮಂತರು ಕಾದಿರಿಸಿದ್ದ ಬೆಟ್ಟ ಅದು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಐದು ಮಂದಿ ಜೈಲಿಗೆ ಹೋದರು. 1949ರಲ್ಲಿ ಕಾನೂನು ಬಂತು, ಪ್ರತಿ ಕೌಂಟಿಯೂ ತನ್ನ ಕಾಲುದಾರಿಗಳನ್ನೆಲ್ಲ ನಕಾಶೆಯಲ್ಲಿ ದಾಖಲಿಸಬೇಕು ಅಂತ. ಆ ನಕಾಶೆಯೇ ಪುರಾವೆ. ಅದರಲ್ಲಿ ಗೆರೆ ಇದ್ರೆ ಮಾಲೀಕ ಎಷ್ಟೇ ದೊಡ್ಡವನಾದರೂ ದಾರಿ ದಾರಿಯೇ.

ಗೆರೆ ಬಿಟ್ಟುಹೋದ ದಾರಿಗಳ ಪಾಡು ಬೇರೆ. ನಡೆಯೋರ ಸಂಘಟನೆ ರ‍್ಯಾಂಬ್ಲರ್ಸ್ 2020ರಲ್ಲಿ ಹಳೇ ನಕಾಶೆಗಳನ್ನ ಜಾಲಾಡಿ, ಹೀಗೆ ಕಳೆದುಹೋದ ದಾರಿ ಸುಮಾರು 49,000 ಮೈಲಿ ಇರಬಹುದು ಅಂತ ಲೆಕ್ಕ ಹಾಕಿತು. ಅವನ್ನ ದಾಖಲಿಸೋಕೆ 2000ದ ಕಾನೂನು 2026ರ ಗಡುವು ಇಟ್ಟಿತ್ತು. ಆಮೇಲೆ ಅದು 2031ಕ್ಕೆ ಹೋಯ್ತು. ಗಡುವನ್ನೇ ತೆಗೆದುಹಾಕ್ತೀವಿ ಅಂತ 2024ರ ಡಿಸೆಂಬರ್‌ನಲ್ಲಿ ಸರ್ಕಾರ ಹೇಳಿತು.

ನಕಾಶೆ ಅಂದ ಕೂಡಲೇ ಅಪ್ಪ ಚಿತ್ರಾನ್ನದ ಡಬ್ಬಿ ಕೆಳಗಿಟ್ರು. ಯಾಕೆ ಅಂತ ನನಗೆ ಗೊತ್ತಿತ್ತು. ಊರಲ್ಲಿ ನಮ್ಮ ಗದ್ದೆಗೆ ಹೋಗೋ ಬಂಡಿದಾರಿಗೆ ಪಕ್ಕದವರು ತಂತಿಬೇಲಿ ಹಾಕಿ ಎರಡು ವರ್ಷ ಆಯ್ತು. ನಾಟಿ ಸಮಯದಲ್ಲಿ ಸಸಿ ಹೊತ್ಕೊಂಡು ಹಳ್ಳ ಸುತ್ತಿ ಹೋಗಬೇಕು. "ಇಷ್ಟು ವರ್ಷ ಓಡಾಡಿದ್ವಲ್ಲ, ಇನ್ನೇನು ಬೇಕು" ಅಂತಲೇ ಅಪ್ಪ ವಾದ ಮಾಡ್ತಿದ್ರು, ಬೇಲಿ ಹಾಕಿದವರು ನಗ್ತಿದ್ರು. ನಮ್ಮಲ್ಲೂ ಗ್ರಾಮ ನಕಾಶೆ ಇದೆ, ಅದರಲ್ಲೂ ಬಂಡಿದಾರಿ, ಕಾಲುದಾರಿಗಳನ್ನ ಚುಕ್ಕಿಗೆರೆಯಲ್ಲಿ ತೋರಿಸಿರ್ತಾರೆ. ನಕಾಶೆ ಕಂಡ ದಾರಿ ಮುಚ್ಚಿದ್ರೆ ತಹಸೀಲ್ದಾರರಿಗೆ ಅರ್ಜಿ ಕೊಡಬಹುದು. ಅಪ್ಪ ಅದನ್ನ ತೆಗೆಸಿ ನೋಡಿರಲೇ ಇಲ್ಲ.

ವಿಚ್‌ಚರ್ಚ್‌ಗೆ ಇಳಿದು ಟೋಲ್ ಸೇತುವೆ ದಾಟಿದ್ವಿ, ಕಾರಿಗೆ ಸುಂಕ, ನಡೆಯೋರಿಗೆ ಪುಕ್ಕಟೆ. ಆಚೆ ದಡವೇ ಪ್ಯಾಂಗ್‌ಬೋರ್ನ್, "ದ ವಿಂಡ್ ಇನ್ ದ ವಿಲ್ಲೋಸ್" ಬರೆದ ಕೆನೆತ್ ಗ್ರಹಾಂ ಕೊನೆಗಾಲದಲ್ಲಿ ಇದ್ದ ಊರು. ಅಪ್ಪನಿಗೆ ಅದರ ಬಗ್ಗೆ ಆಸಕ್ತಿ ಇರಲಿಲ್ಲ. ರೈಲು ಬರೋವರೆಗೂ ಫೋನಲ್ಲಿ ತೆಗೆದ ಹಳದಿ ಬಾಣದ ಫೋಟೋನೇ ದೊಡ್ಡದು ಮಾಡಿ ನೋಡ್ತಿದ್ರು.

ನೀವು ಹೋಗೋದಾದ್ರೆ ಚಳಿಗಾಲ ಬೇಡ, ನದಿ ಉಕ್ಕಿದ್ರೆ ಗಾವಲು ಮುಳುಗುತ್ತೆ. ಮೇ ತಿಂಗಳಾದ್ರೂ ಕೆಸರಿಗೆ ತಡೆಯೋ ಶೂ ಇರಲಿ. ಓಎಸ್ ಎಕ್ಸ್‌ಪ್ಲೋರರ್ 171ನೇ ನಕಾಶೆ ಇಟ್ಕೊಳ್ಳಿ, ಹಸಿರು ಗಿಡ್ಡಗೆರೆಗಳೇ ಕಾಲುದಾರಿ.

ಹೋದ ವಾರ ಅಪ್ಪನ ವಾಟ್ಸ್‌ಆ್ಯಪ್ ಬಂತು. ಮಡಿಕೆ ಬಿದ್ದ ಗ್ರಾಮ ನಕಾಶೆಯ ಜೆರಾಕ್ಸ್, ಅದರ ಮೇಲೆ ಅಪ್ಪನ ಬೆರಳು, ಬೆರಳಿನ ಪಕ್ಕ ಜೋಡಿ ಚುಕ್ಕಿಗೆರೆ. ಕೆಳಗೆ ಬರೆದಿದ್ರು: "ಇದೆ ಕಣೋ. ಸರ್ವೇಯರ್ ಯಾವಾಗ ಬರ್ತಾರೋ ಹೇಳಿಲ್ಲ."