ರಾತ್ರಿ ಹೇಗೆ ಕಳೆಯಿತು ಎಂದು ಕೇಳಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ, ಶಾಲೆಗೆ ಬರಲಾಗದಷ್ಟು ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಗೃಹಾಧಾರಿತ ಶಿಕ್ಷಣ ಇದೆ. ವಿಶೇಷ ಶಿಕ್ಷಕರು ಮನೆಗೇ ಬಂದು ಮಗು ಕೂರುತ್ತದೆಯೇ, ಕೈಯಲ್ಲಿ ತುತ್ತು ಹಿಡಿಯುತ್ತದೆಯೇ, ಕರೆದರೆ ತಿರುಗುತ್ತದೆಯೇ ಎಂದು ನೋಡುತ್ತಾರೆ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ರಾತ್ರಿ ನಿದ್ದೆ ಬಂತೇ ಎಂದು.

ಕೈ ಕಚ್ಚಿಕೊಳ್ಳುವುದು, ಗೋಡೆಗೆ ತಲೆ ಚಚ್ಚಿಕೊಳ್ಳುವುದು, ಇದ್ದಕ್ಕಿದ್ದಂತೆ ಕಿರುಚುವುದು ಇವನ್ನೆಲ್ಲ ಮನೆಯವರು ಹಠ ಎನ್ನುತ್ತಾರೆ, ಇಲ್ಲವೇ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಕಾರಣ ನಿದ್ದೆಗೇಡೂ ಇರಬಹುದು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಎಷ್ಟೋ ಸಲ ಇನ್ನಷ್ಟು ರಂಪ ಮಾಡುತ್ತಾರೆ. ಫಿಟ್ಸ್ ಇರುವ ಮಗುವಿನ ಪಾಡು ಮತ್ತೂ ಕಷ್ಟ. ನಿದ್ದೆ ಕೆಟ್ಟರೆ ಫಿಟ್ಸ್ ಹೆಚ್ಚುತ್ತದೆ, ಫಿಟ್ಸ್ ಬಂದರೆ ನಿದ್ದೆ ಕೆಡುತ್ತದೆ. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟೋನ್ ಮಾತ್ರೆಯೇ ಕೆಲವು ಮಕ್ಕಳಲ್ಲಿ ಚಡಪಡಿಕೆ ತರುವುದುಂಟು. ಹಾಗೆಂದು ಅದನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಬದಲಿಸುವುದಿದ್ದರೆ ವೈದ್ಯರೇ ಬದಲಿಸಬೇಕು.

ಕಣ್ಣಿಗೂ ನಿದ್ದೆಗೂ ಇರುವ ನಂಟು ಬಹಳ ಜನಕ್ಕೆ ಗೊತ್ತಿಲ್ಲ. ಅಕ್ಷಿಪಟದ ಕೆಲವು ಜೀವಕೋಶಗಳ ಕೆಲಸ ನೋಡುವುದಲ್ಲ, ಬೆಳಗಾಯಿತು ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವುದು. ಕತ್ತಲಾದಾಗ ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನು ಸುರಿಯುವ ಹೊತ್ತು ನಿಂತಿರುವುದು ಆ ಸುದ್ದಿಯ ಮೇಲೆಯೇ. ಬೆಳಕಿನ ಅರಿವೇ ಇಲ್ಲದ ಹಲವರ ದೇಹಕ್ಕೆ ಸುದ್ದಿ ಮುಟ್ಟುವುದಿಲ್ಲ, ಅವರ ದಿನ 24 ಗಂಟೆ ಮೀರಿ ಹಿಗ್ಗುತ್ತದೆ. 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾದ ಅಂಧ ವ್ಯಕ್ತಿಯೊಬ್ಬರ ದೇಹದ ದಿನ 24.9 ಗಂಟೆ ಇತ್ತು. ದಿನಕ್ಕೆ ಸುಮಾರು ಒಂದು ಗಂಟೆ ತಡವಾಗುತ್ತಾ ಹೋದರೆ, ನಾಲ್ಕು ವಾರದೊಳಗೆ ನಿದ್ದೆ ರಾತ್ರಿಯಿಂದ ಹಗಲಿಗೆ ಜಾರಿ ಮತ್ತೆ ರಾತ್ರಿಗೆ ಬರುತ್ತದೆ. ಅಂಧ ಮಗುವಿನ ತಾಯಿ ‘ಅಮಾವಾಸ್ಯೆ ಹತ್ತಿರ ಬಂದರೆ ರಂಪ ಜಾಸ್ತಿ’ ಎಂದರೆ ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಕಾರಣ ಬೇರೆಯಿದ್ದರೂ ಆಕೆ ಕಂಡದ್ದು ನಿಜವಿರಬಹುದು.

ಹುಟ್ಟಿದಾಗ ಉಸಿರುಗಟ್ಟಿ ಮೆದುಳಿಗೆ ಪೆಟ್ಟಾದ ಮಕ್ಕಳ ಕಥೆ ಬೇರೆ. ಅವರಲ್ಲಿ ಹಲವರಿಗೆ ಕಣ್ಣು ಸರಿಯಿರುತ್ತದೆ, ಕಂಡದ್ದು ಮೆದುಳಿಗೆ ತಿಳಿಯುವುದಿಲ್ಲ. ಬೆಳಗಿನ ಸುದ್ದಿ ಹೋಗುವ ದಾರಿ ಇನ್ನೂ ತೆರೆದಿರಬಹುದು. ಆದರೆ ಅಪ್ಪ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರು ಹಾಕಲು ತೋಟಕ್ಕೆ, ಅಮ್ಮ ಬೆಳಗ್ಗೆ ಕೂಲಿಗೆ ಹೋದರೆ ಆ ಮಗು ದಿನವಿಡೀ ಒಳಮನೆಯ ಅರೆಗತ್ತಲಲ್ಲೇ ಮಲಗಿರುತ್ತದೆ. ಬೆಳಗಿನ ಬಿಸಿಲಲ್ಲಿ ಜಗುಲಿಯ ಮೇಲೆ ಅರ್ಧ ಗಂಟೆ ಕೂರಿಸಲು ಕಾಸು ಖರ್ಚಿಲ್ಲ, ಒಬ್ಬರ ಬಿಡುವು ಬೇಕು. ಅದೇ ಇಲ್ಲಿ ದುಬಾರಿ. ಬೆಳಕೇ ತಿಳಿಯದ ಮಗುವಿಗೆ ಊಟ, ಸ್ನಾನ, ಮಲಗಿಸುವ ಹೊತ್ತು ನಿತ್ಯವೂ ಒಂದೇ ಇದ್ದರೆ ಅದೇ ಗಡಿಯಾರ.

ನಿದ್ದೆ ಕೆಡಿಸುವ ಮಲಬದ್ಧತೆ, ಹೊಟ್ಟೆಯ ಹುಳಿ ಮೇಲೆ ಬರುವುದು, ಸೆಟೆದ ಸ್ನಾಯುಗಳ ನೋವು, ಇವನ್ನೂ ನೋಡಬೇಕು. ಬಾಯಿ ಬಾರದ ಮಗು ನೋವನ್ನು ಹೇಳುವುದು ಅಳುವಿನಲ್ಲೇ.

ಕೆನಡಾದ ವ್ಯಾಂಕೂವರಿನಲ್ಲಿ ಮಕ್ಕಳ ನರರೋಗ ತಜ್ಞ ಜೇಮ್ಸ್ ಜ್ಯಾನ್ ಇಂಥ ಮಕ್ಕಳಿಗೆ ಮೆಲಟೋನಿನ್ ಕೊಟ್ಟು ನೋಡಿದ್ದು 1990ರ ದಶಕದಲ್ಲಿ. ಹಲವರಿಗೆ ನಿದ್ದೆ ಬಂತು, ಹಗಲಿನ ವರ್ತನೆಯೂ ಸುಧಾರಿಸಿತು. ಆದರೆ ಅದನ್ನು ಯಾವ ಹೊತ್ತಿಗೆ ಕೊಡಬೇಕೆಂಬುದು ಎಷ್ಟು ಕೊಡಬೇಕೆಂಬುದರಷ್ಟೇ ಮುಖ್ಯ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಔಷಧಿ ಅಲ್ಲ.

ಮನೆಯಿಂದಲೇ ಶುರು ಮಾಡಬಹುದಾದ್ದು ಒಂದಿದೆ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಮಗು ಮಲಗಿದ ಹೊತ್ತು, ಎದ್ದ ಹೊತ್ತು, ಫಿಟ್ಸ್ ಬಂದ ದಿನ ಗುರುತು ಹಾಕಿ. ಎರಡು ತಿಂಗಳ ಹಾಳೆ ನೋಡಿದರೆ ನಿದ್ದೆ ದಿನದಿನಕ್ಕೆ ಸರಿಯುತ್ತಿದೆಯೇ, ಸುಮ್ಮನೆ ಒಡೆಯುತ್ತಿದೆಯೇ ಎಂದು ವೈದ್ಯರಿಗೆ ತಿಳಿಯುತ್ತದೆ. ಬೆಳಕಿನ ಅರಿವು ಉಳಿದಿದೆಯೇ ಎಂದು ಕಣ್ಣಿನ ವೈದ್ಯರು ಪರೀಕ್ಷಿಸಲಿ. ಪಾವಗಡದಲ್ಲೇ ರಾಮಕೃಷ್ಣ ಸೇವಾಶ್ರಮದ ಶಾರದಾದೇವಿ ಕಣ್ಣಾಸ್ಪತ್ರೆ ಇದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಜೊತೆ ವರ್ಷಗಟ್ಟಲೆ ನಿದ್ದೆಗೆಟ್ಟ ತಾಯಿ ತನಗಾಗಿಯೂ ಆ ಕರೆ ಮಾಡಬಹುದು.