ವೀರಗಲ್ಲಿನ ಮುಂದೆ ಒಂದು ಪಾಠ

ಮಕ್ಕಳಿಗೆ ಯುದ್ಧದ ಕಥೆ ಹೇಳುವುದು ಸುಲಭ. ಯುದ್ಧವೆಂದರೇನೆಂದು ತಿಳಿಸುವುದು ಕಷ್ಟ. ಇಸವಿ, ಅರಸರ ಹೆಸರು, ಗೆದ್ದವರು, ಸೋತವರು ಇಷ್ಟನ್ನು ಬಾಯಿಪಾಠ ಮಾಡಿಸಿದರೆ ಪರೀಕ್ಷೆಗೆ ಸಾಕು. ನಾನೂ ಬಹುಕಾಲ ಹಾಗೆಯೇ ಮಾಡಿದವನು.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯವರನ್ನು ಊರ ಹೊರಗಿನ ವೀರಗಲ್ಲೊಂದರ ಬಳಿಗೆ ಕರೆದೊಯ್ದಿದ್ದೆ. ಕನ್ನಡನಾಡಿನಲ್ಲಿ ಇಂಥ ಕಲ್ಲುಗಳು ಸಾವಿರಾರು. ಬೆಂಗಳೂರಿನ ಹೆಸರು ಕೂಡ ನಮಗೆ ದೊರೆತಿರುವುದು ಸುಮಾರು ಕ್ರಿ.ಶ. 890ರ ಬೇಗೂರಿನ ಕಲ್ಲಿನಲ್ಲಿ, ಒಂದು ಕಾಳಗದ ಹೆಸರಾಗಿ! ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಪಟ್ಟಿಕೆಗಳು: ಕೆಳಗೆ ಕಾಳಗ, ನಡುವೆ ಮಡಿದವನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ಶಿವಸಾನ್ನಿಧ್ಯ. ನೆತ್ತಿಯ ಮೇಲಿನ ಸೂರ್ಯಚಂದ್ರರು ಈ ನೆನಪು ಎಷ್ಟು ಕಾಲ ಇರಬೇಕೆಂಬುದನ್ನು ಹೇಳುತ್ತಾರೆ.

ಇದನ್ನೆಲ್ಲ ಉತ್ಸಾಹದಿಂದ ವಿವರಿಸುತ್ತಿದ್ದಾಗ ಹುಡುಗನೊಬ್ಬ, “ಸಾರ್, ಇವನ ಹೆಂಡತಿ ಮಕ್ಕಳು ಕಲ್ಲಿನಲ್ಲಿ ಎಲ್ಲಿದ್ದಾರೆ?” ಎಂದ. ಅವನ ತಂದೆ ಸೈನ್ಯದಲ್ಲಿದ್ದು ತೀರಿಕೊಂಡವರು. ನನಗದು ಗೊತ್ತಿತ್ತು; ಮಾತಿನ ಭರದಲ್ಲಿ ಮರೆತಿದ್ದೆ. ಆಗ ಉತ್ತರ ಹೊಳೆಯಲಿಲ್ಲ.

ಮರುದಿನ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಒಂದೇ ಪದ ಬರೆದೆ: ನೆತ್ತರುಗೊಡಗೆ. ರಕ್ತ ಸುರಿಸಿ ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ನಮ್ಮ ಶಾಸನಗಳಲ್ಲಿರುವ ಹೆಸರು ಇದು. ಹೊಗಳಿಕೆ ಮಾತ್ರ ಸ್ಮರಣೆಯಲ್ಲ, ಉಳಿದವರ ಅನ್ನದ ಹೊಣೆಯೂ ಸ್ಮರಣೆಯೇ ಎಂಬುದನ್ನು ಆ ಕಾಲದವರು ಬಲ್ಲವರಾಗಿದ್ದರು. ಹುಡುಗ ಆ ಪದವನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದ.

ಅಂದಿನಿಂದ ಯಾವ ಯುದ್ಧದ ಪಾಠವಾದರೂ ಮೂರು ಪ್ರಶ್ನೆಗಳನ್ನು ಕೇಳಿಸುತ್ತೇನೆ. ಹೋರಾಡಿದವರು ಯಾರು? ಯಾತಕ್ಕಾಗಿ? ಉಳಿದವರ ಗತಿಯೇನು?

ಹೈಫಾದ ಕಾಳಗವನ್ನೇ ತೆಗೆದುಕೊಳ್ಳಿ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಈಟಿ, ಕತ್ತಿಗಳನ್ನು ಹಿಡಿದು ಮೆಷಿನ್ ಗನ್ನುಗಳಿಗೆ ಎದುರಾಗಿ ಆ ಊರನ್ನು ಗೆದ್ದವು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರು ಹೈದರಾಬಾದು, ಜೋಧಪುರ, ಮೈಸೂರುಗಳ ಪ್ರತಿನಿಧಿಗಳು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ಮೈಸೂರು ಅಶ್ವದಳದ ಸ್ಮಾರಕವಿದೆ. ಮಕ್ಕಳು ಆ ಸಾಹಸಕ್ಕೆ ತಲೆದೂಗಲಿ. ಜೊತೆಗೆ, ತುರುಗಳನ್ನು ಉಳಿಸಲು ತನ್ನೂರಿನ ಗಡಿಯಲ್ಲಿ ಮಡಿದವನಿಗೂ, ಬ್ರಿಟಿಷ್ ಸಾಮ್ರಾಜ್ಯದ ಯುದ್ಧಕ್ಕಾಗಿ ಕಡಲು ದಾಟಿ ಹೋದವನಿಗೂ ಇರುವ ಅಂತರವೇನೆಂದು ಯೋಚಿಸಲಿ. ಎದುರಿಗಿದ್ದ ತುರ್ಕಿಯ ಪಡೆಯವನಿಗೂ ಮನೆಯೊಂದಿತ್ತೆಂಬುದನ್ನು ಮರೆಯದಿರಲಿ. ಇದರಿಂದ ವೀರನ ಗೌರವ ಕುಗ್ಗುವುದಿಲ್ಲ; ಮಗುವಿನ ಮನಸ್ಸಿನಲ್ಲಿ ದ್ವೇಷವೂ ಬೇರೂರುವುದಿಲ್ಲ.

ಚಿಕ್ಕ ಮಕ್ಕಳಿಗಾದರೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವಿದೆ. ಚೋಳರೊಡನೆ ಕ್ರಿ.ಶ. 949ರಲ್ಲಿ ನಡೆದ ತಕ್ಕೋಲದ ಕಾಳಗದ ಕಾಲದ್ದು. ಮಣಲೇರನೆಂಬ ಯೋಧನು ಮೆಚ್ಚುಗೆಯ ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಅದು ಸತ್ತಾಗ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ನಾಯಿಯ ಋಣವನ್ನೂ ಮರೆಯದ ನಾಡು ಇದು.

ಉಪಾಧ್ಯಾಯ ಮಿತ್ರರಲ್ಲಿಯೂ ತಾಯಿತಂದೆಗಳಲ್ಲಿಯೂ ನನ್ನ ಬಿನ್ನಹ ಇಷ್ಟೆ. ನಿಮ್ಮೂರಿನ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗಿಯೋ ಮೋರಿಯ ಚಪ್ಪಡಿಯಾಗಿಯೋ ಬಿದ್ದಿರಬಹುದು. ಮಕ್ಕಳೊಡನೆ ಅಲ್ಲಿಗೆ ಹೋಗಿ. ಇಲ್ಲಿ ಒಬ್ಬ ಸತ್ತಿದ್ದಾನೆ, ಅವನಿಗಾಗಿ ಯಾರೋ ಅತ್ತಿದ್ದಾರೆ ಎಂದು ಮೊದಲು ಹೇಳಿ. ಇಸವಿಯನ್ನು ಆಮೇಲೆ ಹೇಳಿದರಾಯಿತು.